ಹಳೆಯ ಪದ್ಮಿನಿಗೆ ಬೆಲ್ಟ್ ಫ್ಯಾನೋ, ಎಲೆಕ್ಟ್ರಿಕ್ ಫ್ಯಾನೋ?

ಮಂಗಳೂರಿನ ಕೂಳೂರು ಸೇತುವೆಯ ಬಳಿ ವಾಹನಗಳು ಸಾಲುಗಟ್ಟಿ ನಿಂತಾಗಲೆಲ್ಲ ನನ್ನ ಪ್ರೀಮಿಯರ್ ಪದ್ಮಿನಿ ಕಾರಿನ ಟೆಂಪರೇಚರ್ ಮುಳ್ಳು ಮೇಲೇರುತ್ತಿತ್ತು. ಅದಕ್ಕೆ ಎರಡು ಪರಿಹಾರಗಳನ್ನು ಒಂದೇ ಕಾರಿನಲ್ಲಿ ಮಾಡಿಸಿ ನೋಡಿದ್ದೇನೆ. ಒಂದು, ರೇಡಿಯೇಟರಿನ ಮೂಲಕ ಗಾಳಿ ಎಳೆಯುವ, ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಫ್ಯಾನನ್ನು ತೆಗೆಸಿ, ಗುಜರಿಯಲ್ಲಿ ಸಿಕ್ಕ ಸಣ್ಣ ಕಾರೊಂದರ ಎಲೆಕ್ಟ್ರಿಕ್ ಫ್ಯಾನ್ ಕೂರಿಸುವುದು. ಇನ್ನೊಂದು, ಬೆಲ್ಟ್ ಫ್ಯಾನನ್ನೇ ಉಳಿಸಿಕೊಂಡು ಎಂಜಿನ್ನಿನ ನೀರನ್ನು ತಣಿಸುವ ಹಿತ್ತಾಳೆಯ ರೇಡಿಯೇಟರಿಗೆ ಹೊಸ ಕೋರ್ (ಸಣ್ಣ ಕೊಳವೆಗಳ ನಡುಭಾಗ) ಹಾಕಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಸೋಲೆಕ್ಸ್ ಕಾರ್ಬ್ಯುರೇಟರನ್ನು ಇಂದಿನ ಪೆಟ್ರೋಲಿಗೆ ತಕ್ಕಂತೆ ಟ್ಯೂನ್ ಮಾಡಿಸುವುದು. ನನ್ನ ಓಟು ಎರಡನೆಯದಕ್ಕೇ.

ಎಲೆಕ್ಟ್ರಿಕ್ ಫ್ಯಾನಿನಲ್ಲಿ ಒಳ್ಳೆಯ ಗುಣಗಳಿಲ್ಲವೆಂದಲ್ಲ. ಹೆದ್ದಾರಿಯಲ್ಲಿ ಅದು ಸುಮ್ಮನಿರುವುದರಿಂದ ಎಂಜಿನ್ ಹಗುರವಾಗಿ ಓಡುತ್ತದೆ, ಸದ್ದೂ ಕಡಿಮೆ. ಕೀ ತೆಗೆದ ಮೇಲೂ ಸ್ವಲ್ಪ ಹೊತ್ತು ತಿರುಗುವಂತೆ ವೈರಿಂಗ್ ಮಾಡಿಸಿದರೆ ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಕುದಿಯುವುದು ಕಡಿಮೆಯಾಗಿ, ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸುವುದಿಲ್ಲ.

ತೊಡಕು ಇರುವುದು ಕರೆಂಟು ತಯಾರಿಸುವ ಡೈನಮೋದಲ್ಲಿ. ಫ್ಯಾನ್ ಮಾರಿದವರಾಗಲಿ, ಕೂರಿಸಿಕೊಟ್ಟವರಾಗಲಿ ಈ ವಿಷಯವನ್ನು ಎತ್ತಲೇ ಇಲ್ಲ. ನನ್ನ ಕಾರಿನಲ್ಲಿರುವುದು ನಿಧಾನ ವೇಗದಲ್ಲೂ ಕರೆಂಟು ಕೊಡುವ ಆಲ್ಟರ್ನೇಟರ್ ಅಲ್ಲ, ಹಳೆಯ ಡೈನಮೋ. ಕಾರು ನಿಂತು ಎಂಜಿನ್ ಐಡ್ಲಿಂಗಿನಲ್ಲಿ ನಿಧಾನವಾಗಿ ತಿರುಗುವಾಗ ಅದರ ವೋಲ್ಟೇಜ್ ಬ್ಯಾಟರಿಯ ವೋಲ್ಟೇಜಿಗಿಂತ ಕೆಳಗಿಳಿಯುತ್ತದೆ, ಕಟ್‌ಔಟ್ ಎಂಬ ಸ್ವಿಚ್ ತೆರೆದುಕೊಂಡು ಎರಡರ ಸಂಪರ್ಕ ಕಡಿಯುತ್ತದೆ, ಚಾರ್ಜಿಂಗಿನ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅಂದರೆ ಫ್ಯಾನ್ ಅತ್ಯಗತ್ಯವಾದ ಗಳಿಗೆಯಲ್ಲೇ, ವಾಹನಗಳ ನಡುವೆ ಸಿಕ್ಕಿಕೊಂಡು ನಿಂತಾಗಲೇ, ಅದಕ್ಕೆ ಬೇಕಾದ ಕರೆಂಟು ಡೈನಮೋದಿಂದ ಬರುವುದಿಲ್ಲ. ಎಲ್ಲವೂ ಬ್ಯಾಟರಿಯ ತಲೆಯ ಮೇಲೆ.

ಬೇಸಿಗೆಯ ಹಗಲಿನಲ್ಲಿ ಇದು ಗಮನಕ್ಕೆ ಬರಲಿಲ್ಲ. ಆಷಾಢದ ಮಳೆ ಹಿಡಿದ ಒಂದು ಸಂಜೆ ನಂತೂರಿನಲ್ಲಿ ಹೆಡ್‌ಲೈಟ್, ವೈಪರ್, ಫ್ಯಾನ್ ಮೂರೂ ಒಟ್ಟಿಗೆ ಓಡತೊಡಗಿದಾಗ ವೈಪರ್ ಗಾಜಿನ ಅರ್ಧದಲ್ಲಿ ತಡವರಿಸಿತು, ದೀಪಗಳು ಹಳದಿಗೆ ತಿರುಗಿದವು, ಫ್ಯಾನಿನ ಸದ್ದೂ ಇಳಿಯಿತು. ಫ್ಯಾನನ್ನು ಉಳಿಸಿಕೊಳ್ಳಬೇಕಾದರೆ ಆಲ್ಟರ್ನೇಟರ್ ಹಾಕಿಸಿ, ಅದಕ್ಕೆ ತಕ್ಕಂತೆ ವೈರಿಂಗನ್ನೂ ಬದಲಿಸಬೇಕಿತ್ತು. ಸಾಲದ್ದಕ್ಕೆ ರೇಡಿಯೇಟರಿನ ಕೆಳ ಟ್ಯಾಂಕಿಗೆ ಬೆಸುಗೆ ಹಾಕಿ ಕೂರಿಸಿದ್ದ, ನೀರು ಬಿಸಿಯಾದಾಗ ಫ್ಯಾನ್ ಓಡಿಸುವ ಥರ್ಮಲ್ ಸ್ವಿಚ್ಚಿನ ತುದಿಗಳಿಗೆ ಕಡಲ ಗಾಳಿಯಿಂದ ಹಸಿರು ಕಿಲುಬು ಕಟ್ಟುತ್ತಿತ್ತು. ಕಿಲುಬು ಕಟ್ಟಿದ ದಿನ ಫ್ಯಾನ್ ಇದ್ದೂ ಇಲ್ಲದಂತೆ.

ಬೆಲ್ಟ್ ಫ್ಯಾನಿಗೆ ಇಂತಹ ಅವಲಂಬನೆಯಿಲ್ಲ. ಬೆಲ್ಟ್ ಗಟ್ಟಿಯಾಗಿದ್ದರೆ ಅದು ತಿರುಗುತ್ತದೆ. ಐಡ್ಲಿಂಗಿನಲ್ಲಿ ನಿಧಾನವಾಗಿ ತಿರುಗುವುದೇ ಅದರ ದೋಷ. ಆದ್ದರಿಂದ ಫ್ಯಾನಿನ ಸುತ್ತ ತಗಡಿನ ಬಳೆಯೊಂದನ್ನು ಮಾಡಿಸಿದೆ; ಎಳೆದ ಗಾಳಿ ಆಚೀಚೆ ಸೋರದೆ ಕೋರಿನ ಮೂಲಕವೇ ಬರುತ್ತದೆ. ಐಡ್ಲಿಂಗ್ ಸ್ಕ್ರೂವನ್ನು ತಿರುಗಿಸಿ ಎಂಜಿನ್ನಿನ ವೇಗವನ್ನೇ ಏರಿಸಿಡುವವರಿದ್ದಾರೆ, ಆದರೆ ಅತಿಯಾದರೆ ಕೀ ತೆಗೆದ ಮೇಲೂ ಎಂಜಿನ್ ಕೆಮ್ಮುತ್ತಾ ಓಡುತ್ತದೆ.

ನಿಜವಾದ ವ್ಯತ್ಯಾಸ ಬಂದದ್ದು ಕಾರ್ಬ್ಯುರೇಟರಿನಿಂದ. ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಬರಿಯ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಳೆಯ ಜೆಟ್ಟಿನಲ್ಲೇ (ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯುವ ರಂಧ್ರವಿರುವ ತುಣುಕು) ಅದನ್ನು ಉರಿಸಿದರೆ ಗಾಳಿ ಹೆಚ್ಚಾಗಿ, ಅಂದರೆ ಮಿಶ್ರಣ ತೆಳುವಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಹೆದ್ದಾರಿಯಲ್ಲಿ ಓಡಿಸಿದ ಕೂಡಲೇ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ, ಮಿಶ್ರಣ ತೆಳುವೆಂಬ ಗುರುತಾಗಿ, ಅದರ ಪಿಂಗಾಣಿ ಸುಣ್ಣದಂತೆ ಬೆಳ್ಳಗಿರುತ್ತಿತ್ತು. ಸೋಲೆಕ್ಸ್ ಜೆಟ್ಟಿನ ಮೇಲಿನ ಅಂಕಿ ರಂಧ್ರದ ಅಳತೆಯನ್ನು ಮಿಲಿಮೀಟರಿನ ನೂರರ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ. ಒಂದು ಮೆಟ್ಟಿಲು ದೊಡ್ಡ ಮೇನ್ ಜೆಟ್ ಹಾಕಿಸಿದ ಮೇಲೆ ಪಿಂಗಾಣಿ ತಿಳಿಗಂದು ಬಣ್ಣಕ್ಕೆ ಬಂದಿತು, ಮುಳ್ಳೂ ಇಳಿಯಿತು. (ಇರುವ ಜೆಟ್ಟನ್ನೇ ತಂತಿಯಿಂದ ಕೆರೆದು ದೊಡ್ಡದು ಮಾಡುವ ಮೆಕ್ಯಾನಿಕ್ಕುಗಳಿಂದ ದೂರವಿರುವುದು ಒಳಿತು.) ಕಾರ್ಬ್ಯುರೇಟರಿನ ಅಡಿಗೆ ದಪ್ಪನೆಯ ಬೇಕಲೈಟ್ ಪ್ಯಾಕಿಂಗ್ ಹಾಕಿಸಿದ್ದರಿಂದ ಬಿಸಿ ಸ್ಟಾರ್ಟಿಂಗಿನ ತೊಂದರೆಯೂ ಬಹುಮಟ್ಟಿಗೆ ತಗ್ಗಿತು. ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹೊತ್ತಿಸುವ ಸಮಯ) ಹಿಂದುಳಿದಿದ್ದರೂ ಎಂಜಿನ್ ಕಾಯುತ್ತದೆ, ಅದನ್ನೂ ನೋಡಿಸಿ.

ಖರ್ಚು: ಫ್ಯಾನ್ ಅಗ್ಗ, ಆಲ್ಟರ್ನೇಟರ್ ಸೇರಿಸಿದರೆ ದುಬಾರಿ. ಹೊಸ ಕೋರಿನ ಖರ್ಚು ಇವೆರಡರ ನಡುವೆ ಬರುತ್ತದೆ.

ಘಾಟಿಯಲ್ಲಿ ಬೆಲ್ಟ್ ಫ್ಯಾನೇ ಮೇಲು. ಚಾರ್ಮಾಡಿಯನ್ನು ಸೆಕೆಂಡ್ ಗೇರಿನಲ್ಲಿ ಏರುವಾಗ ಎಂಜಿನ್ ಜೋರಾಗಿ ತಿರುಗುವುದರಿಂದ ಫ್ಯಾನೂ ಅದರೊಂದಿಗೆ ಜೋರಾಗಿ ಬೀಸುತ್ತದೆ.

ನಾನು ಕಾರು ತೆಗೆಯುವುದು ಭಾನುವಾರ ಬೆಳಿಗ್ಗೆ ಉಡುಪಿಗೆ, ಅಪರೂಪಕ್ಕೊಮ್ಮೆ ಘಟ್ಟಕ್ಕೆ. ಪ್ರತಿದಿನ ಪಂಪ್‌ವೆಲ್ ದಾಟಿ ಕೆಲಸಕ್ಕೆ ಹೋಗುವವರ ಕಾರಿನಲ್ಲಿ ಈಗಾಗಲೇ ಆಲ್ಟರ್ನೇಟರ್ ಇದ್ದರೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿಕೊಳ್ಳಬಹುದು. ಆದರೆ ರಿಲೇ (ಫ್ಯಾನಿನ ಕರೆಂಟನ್ನು ಹೊರುವ ಸ್ವಿಚ್) ಮತ್ತು ಪ್ರತ್ಯೇಕ ಫ್ಯೂಸ್ ಇಲ್ಲದೆ ಕೂರಿಸಿಕೊಡುತ್ತೇನೆ ಎನ್ನುವವರ ಕೈಗೆ ಕಾರು ಕೊಡಬೇಡಿ, ಮತ್ತು ಫ್ಯಾನಿಗಿಂತ ಮೊದಲು ಜೆಟ್ ಬದಲಿಸಿ ನೋಡಿ.