ಹುಣ್ಣಿಮೆಗೆ ಕವ್ವಾಯಿ, ಅಷ್ಟಮಿಗೆ ಪಯಸ್ವಿನಿ: ಮೂರು ನೀರಿನ ದೋಣಿಯಾನದ ಹೋಲಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆಯ ನಾವು ಒಂಬತ್ತು ಮಂದಿ ಕ್ರಿಸ್ಮಸ್ ರಜೆಯಲ್ಲಿ ಎರಡು ಹಗಲು ದೋಣಿಯಲ್ಲಿ, ಒಂದು ರಾತ್ರಿ ಡೇರೆಯಲ್ಲಿ ಕಳೆಯುವ ರೂಢಿಯನ್ನು ಮೂರು ವರ್ಷಗಳಿಂದ ಇಟ್ಟುಕೊಂಡಿದ್ದೇವೆ. ಮೊದಲ ವರ್ಷ ಸಾಗರ ತಾಲೂಕಿನ ಹೊನ್ನೆಮರಡಿಗೆ, ಎರಡನೆಯ ವರ್ಷ ನಮ್ಮ ಜಿಲ್ಲೆಯ ದಕ್ಷಿಣ ತುದಿಯ ಕವ್ವಾಯಿ ಹಿನ್ನೀರಿಗೆ, ಮೂರನೆಯ ವರ್ಷ ಮನೆಯ ಹಿತ್ತಿಲಿನಂತಿರುವ ಪಯಸ್ವಿನಿ ಹೊಳೆಗೆ ಹೋದೆವು. ಮೊದಲನೆಯದರಲ್ಲಿ ಮಾರ್ಗದರ್ಶಿ, ದೋಣಿ, ಡೇರೆ, ಅಡುಗೆ ಎಲ್ಲವೂ ಶಿಬಿರದವರದೇ ಆಗಿತ್ತು. ಎರಡನೆಯದರಲ್ಲಿ ದೋಣಿ ಮತ್ತು ಮಾರ್ಗದರ್ಶಿ ಮಾತ್ರ ಬಾಡಿಗೆಯವು. ಮೂರನೆಯದರಲ್ಲಿ ಊರಿನ ಅಂಬಿಗರೊಬ್ಬರನ್ನು ಬಿಟ್ಟರೆ ಎಲ್ಲವೂ ನಮ್ಮದೇ ಏರ್ಪಾಡು. ಇಂಥ ಪ್ರಯಾಣಕ್ಕೆ ಹೊರಡುವ ಇತರರೂ ಈ ಮೂರರ ನಡುವೆಯೇ ತೂಗಾಡುತ್ತಾರೆಂಬುದನ್ನು ಕಂಡಿರುವುದರಿಂದ, ನಮ್ಮ ಲೆಕ್ಕವನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ.

ಒಂಬತ್ತು ಎಂಬ ಸಂಖ್ಯೆ ಆಕಸ್ಮಿಕವಾಗಿ ಕೂಡಿಬಂದದ್ದು. ಆದರೆ ಅಮೆರಿಕದ ಮಿನ್ನೆಸೋಟದಲ್ಲಿ ದೋಣಿಯಾನಕ್ಕೆಂದೇ ಕಾದಿರಿಸಿದ ಬೌಂಡರಿ ವಾಟರ್ಸ್ ಎಂಬ ಸರೋವರಗಳ ಕಾಡಿನಲ್ಲಿ ಒಂದು ತಂಡಕ್ಕೆ ಒಂಬತ್ತು ಜನ, ನಾಲ್ಕು ದೋಣಿ ಎಂಬುದೇ ಮಿತಿಯೆಂದು ತಿಳಿದಾಗ, ನಮ್ಮ ಗುಂಪು ಇನ್ನು ಬೆಳೆಯಬಾರದೆಂದು ವಾದಿಸಲು ನನಗೊಂದು ಆಧಾರ ಸಿಕ್ಕಿತು. ಗುಂಪು ಎಷ್ಟೇ ದೊಡ್ಡದಿರಲಿ, ಅದರ ವೇಗ ಅತಿ ನಿಧಾನದ ದೋಣಿಯ ವೇಗವೇ. ನಮ್ಮಲ್ಲಿ ಅರುವತ್ತೆರಡರ ಹಿರಿಯರೂ ಒಂಬತ್ತನೆಯ ತರಗತಿಯ ಹುಡುಗಿಯೂ ಇರುವುದರಿಂದ ಗಂಟೆಗೆ ಮೂರು ಕಿಲೋಮೀಟರಿಗಿಂತ ಹೆಚ್ಚನ್ನು ನಾವು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ; ಎದುರುಗಾಳಿಯಿದ್ದರೆ ಅದರಲ್ಲಿಯೂ ಅರ್ಧ.

ಹೊನ್ನೆಮರಡಿನ ನೀರು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು. ಮಳೆಗಾಲ ಮುಗಿದಾಗ ತುಂಬಿಕೊಂಡಿರುವ ನೀರು ಬೇಸಗೆಯುದ್ದಕ್ಕೂ ಇಳಿಯುತ್ತಾ ಹೋಗುವುದರಿಂದ, ಡಿಸೆಂಬರಿನಲ್ಲಿ ಹುಲ್ಲಿನ ದಡಕ್ಕೆ ತಾಗುವ ದೋಣಿಯನ್ನು ಮೇ ತಿಂಗಳಲ್ಲಿ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಎಳೆದೊಯ್ಯಬೇಕಾಗುತ್ತದೆ. ಉಬ್ಬರವಿಳಿತದ ಗೊಡವೆಯಿಲ್ಲ, ಉಪ್ಪಿಲ್ಲ, ಸೋಸಿ ಕುದಿಸಿದರೆ ಕುಡಿಯಲು ಅದೇ ನೀರು ಸಾಕು. ಕಾಡುವುದು ಎರಡೇ: ಮುಳುಗಿದ ಕಾಡಿನ ಒಣಮರಗಳ ಮೋಟುಗಳು ಮತ್ತು ಮಧ್ಯಾಹ್ನದ ಗಾಳಿ. ಬಯಲಿನಂತೆ ಹರಡಿದ ಆ ನೀರಿನ ಮೇಲೆ ಗಾಳಿಗೆ ತಡೆಯೇ ಇಲ್ಲದ ಕಾರಣ, ಬೆಳಗ್ಗೆ ಕನ್ನಡಿಯಂತಿದ್ದ ನೀರಿನಲ್ಲಿ ಮೂರು ಗಂಟೆಯ ಹೊತ್ತಿಗೆ ಅಂಚು ದಾಟಿ ಒಳಗೆ ಚೆಲ್ಲುವಷ್ಟು ಅಲೆಗಳು ಏಳುತ್ತವೆ.

ಅಲ್ಲಿ ನಮಗೆ ಸಿಕ್ಕ ಮಾರ್ಗದರ್ಶಿ ಮೊದಲ ಒಂದೂವರೆ ಗಂಟೆ ನಮ್ಮನ್ನು ಎಲ್ಲಿಗೂ ಕರೆದೊಯ್ಯಲಿಲ್ಲ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ತೊಡಿಸಿ, ಪಟ್ಟಿಗಳನ್ನು ಬಿಗಿದು, ಎರಡೂ ಹೆಗಲ ಮೇಲಿನ ಪಟ್ಟಿಯನ್ನು ಹಿಡಿದು ಮೇಲಕ್ಕೆತ್ತಿ ನೋಡಿದ. ಜಾಕೆಟ್ ಗಲ್ಲಕ್ಕೆ ತಾಗಿದರೆ ಬಿಚ್ಚಿಸಿ ಬೇರೆ ಅಳತೆಯದನ್ನು ಕೊಟ್ಟ. ಆಮೇಲೆ ಎದೆಮಟ್ಟದ ನೀರಿನಲ್ಲಿ ದೋಣಿಯನ್ನು ಬೇಕೆಂದೇ ಮಗುಚಿಸಿ, ಬಿದ್ದವರು ದೋಣಿಯನ್ನು ಬಿಡದೆ ಹುಟ್ಟನ್ನೂ ಹಿಡಿದುಕೊಂಡು ಮತ್ತೆ ಹತ್ತುವುದನ್ನು ಒಬ್ಬೊಬ್ಬರಿಂದಲೂ ಮಾಡಿಸಿದ. ಹಣ ಕೊಟ್ಟು ಒದ್ದೆಯಾಗಲು ಬಂದೆವೆಂದು ನಮ್ಮಲ್ಲಿ ಒಬ್ಬಿಬ್ಬರು ಗೊಣಗಿದರೂ, ಮರುದಿನ ಗಾಳಿ ಎದ್ದಾಗ ಯಾರೂ ಕೂಗಾಡಲಿಲ್ಲ ಎಂಬುದಕ್ಕೆ ಆ ಒಂದೂವರೆ ಗಂಟೆಯೇ ಕಾರಣವೆಂದು ನಾನು ತಿಳಿದಿದ್ದೇನೆ. ಎರಡು ಗಂಟೆಗೆ ದಡ ಸೇರಬೇಕೆಂದು ಅವನು ಬೆಳಗ್ಗೆಯೇ ಹೇಳಿದ್ದ. ಎರಡಕ್ಕೆ ದಡ ಸೇರಿಸಿಯೇ ಬಿಟ್ಟ.

ಕೊರತೆಯೆಂದರೆ ದೂರ. ಮಂಗಳೂರು, ಹೊನ್ನಾವರ, ಗೇರುಸೊಪ್ಪೆ ಘಾಟಿ ಎಂದು ಹೋಗಲೊಂದು ದಿನ, ಬರಲೊಂದು ದಿನ ಕಳೆದರೆ ಎರಡು ದಿನದ ದೋಣಿಯಾನಕ್ಕೆ ನಾಲ್ಕು ದಿನದ ರಜೆ ಬೇಕಾಗುತ್ತದೆ. ಖರ್ಚಿನಲ್ಲಿಯೂ ಮೂರರಲ್ಲಿ ಇದೇ ದುಬಾರಿ. ಅದರ ದೊಡ್ಡ ಪಾಲು ರಸ್ತೆಗೇ ಹೋಯಿತು.

ಕವ್ವಾಯಿಯ ಕಥೆ ಬೇರೆ. ಉತ್ತರ ಕೇರಳದ ಅತಿ ದೊಡ್ಡ ಹಿನ್ನೀರು ಇದು. ವಲಿಯಪರಂಬ ಎಂಬ ನೀಳ ದ್ವೀಪದಲ್ಲಿ ಪಡುವಣಕ್ಕೆ ಕಡಲು, ಮೂಡಣಕ್ಕೆ ಕಾಯಲು ಎಂದು ಕರೆಯುವ ಈ ಹಿನ್ನೀರು, ನಡುವೆ ಕೆಲವೆಡೆ ಒಂದು ತೆಂಗಿನ ತೋಟದ ಅಗಲದ ಮರಳು ಮಾತ್ರ. ಮನೆಯಿಂದ ಹೊರಟ ಎರಡು ಗಂಟೆಯೊಳಗೆ ನೀರಿನ ಬದಿ ಸೇರಬಹುದು. ಚೆಲುವಿಗೆ ಮಾತ್ರ ಅಂಕ ಕೊಡುವುದಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು.

ಆದರೆ ಇದು ಏರಿಳಿಯುವ ನೀರು. ಮೀನುಗಾರರ ಮನೆಗಳಲ್ಲಿ ತಿಥಿ ನೋಡಿ ನೀರು ಹೇಳುವುದನ್ನು ಕೇಳಿದ್ದೆನಾದರೂ, ನಮ್ಮ ಗೋಡೆಯ ಮೇಲಿನ ಪಂಚಾಂಗ ದೋಣಿಗೂ ಬೇಕಾದೀತೆಂದು ನಾನು ಎಣಿಸಿರಲಿಲ್ಲ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ಅಂದರೆ ಹಳಬರ ಲೆಕ್ಕದಲ್ಲಿ ತಿಥಿಗೆ ಎರಡು ಗಳಿಗೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳಂದು ನೀರು ತುಂಬುವುದು ನಡುಹಗಲಿನ ಆಚೀಚೆ. ಅಷ್ಟಮಿಯ ಹೊತ್ತಿಗೆ ಅದೇ ತುಂಬುನೀರು ಮುಂಜಾವ ಮತ್ತು ಸಂಜೆಗೆ ಸರಿದಿರುತ್ತದೆ. ಕಾಯಲಿನ ಒಳಗೆ ಹೋದಷ್ಟೂ ಅದು ಇನ್ನಷ್ಟು ತಡ.

ನಾವು ಹೋದದ್ದು ಹುಣ್ಣಿಮೆ ಕಳೆದ ತದಿಗೆಯಂದು. ಮಧ್ಯಾಹ್ನ ಒಂದು ಗಂಟೆಗೆ ದೋಣಿ ಇಳಿಸುವುದೆಂದು ಮಾತಾಗಿತ್ತು. ಬಾಡಿಗೆಯವರ ವಾಹನ ಬಂದದ್ದು ನಾಲ್ಕು ದಾಟಿದ ಮೇಲೆ. ಆಗ ನೀರು ಇಳಿಯತೊಡಗಿತ್ತು. ಜೊತೆಗೆ ಬಂದ ಹುಡುಗ ಒಳ್ಳೆಯ ಈಜುಗಾರನೇ ಇರಬಹುದು, ಆದರೆ ಇಂದು ಬೇಡ ಎನ್ನುವ ಅಧಿಕಾರ ಅವನಿಗಿರಲಿಲ್ಲ; ಅದು ಫೋನಿನ ಆ ಕಡೆಯಲ್ಲಿ ಕುಳಿತಿದ್ದವರ ಕೈಯಲ್ಲಿತ್ತು. ಆರೂವರೆಗೆ ಕಯಾಕು ಎಂಬ ನಮ್ಮ ಐದು ಕಿರುದೋಣಿಗಳಲ್ಲಿ ಮೂರು ಕೆಸರಿಗೆ ಕೂತವು. ಇಳಿದು ನೂಕೋಣವೆಂದು ನೀರಿಗೆ ಕಾಲಿಟ್ಟವನು ನಾನು. ಕೆಸರಿನೊಳಗೆ ನಿಂತಿದ್ದ ಸಿಂಪಿಯ ಚಿಪ್ಪು ರಬ್ಬರ್ ಚಪ್ಪಲಿಯ ಪಕ್ಕದಿಂದ ನುಗ್ಗಿ ಪಾದದ ಅಂಚನ್ನು ಬ್ಲೇಡಿನಂತೆ ಸೀಳಿತು. ನೋವಿಗಿಂತ ಮೊದಲು ಬಿಸಿ ಗೊತ್ತಾಯಿತು. ತದಿಗೆಯ ಚಂದ್ರ ಇನ್ನೂ ಮೂಡಿರಲಿಲ್ಲ. ಇಳಿನೀರಿನಲ್ಲಿ ತಗುಲಿದ ದೋಣಿ ಮುಂದಿನ ಉಬ್ಬರದವರೆಗೆ ಅಲ್ಲಿಯದೇ ಆಗಿರುತ್ತದೆ, ಏರುನೀರಿನಲ್ಲಿ ತಗುಲಿದ್ದನ್ನು ಸ್ವಲ್ಪ ಕಾದರೆ ನೀರೇ ಎತ್ತಿಕೊಡುತ್ತದೆ ಎಂಬ ಇಷ್ಟು ಸರಳವಾದ ಸಂಗತಿ ನನಗೆ ಹೊಳೆದದ್ದು, ಪಡನ್ನ ಕಡೆಯ ಮೀನುಗಾರರೊಬ್ಬರು ಟಾರ್ಚು ಹಿಡಿದು ಬಂದು ನಮ್ಮನ್ನು ಅವರ ಚಪ್ಪಟೆ ದೋಣಿಗೆ ಹತ್ತಿಸಿಕೊಂಡ ಮೇಲೆ.

ಆ ಬಾಡಿಗೆಯವರ ಲೈಫ್ ಜಾಕೆಟ್ಟುಗಳೆಲ್ಲ ಒಂದೇ ಅಳತೆಯವಾಗಿದ್ದವು. ಹೆಗಲ ಪಟ್ಟಿಯನ್ನು ಎತ್ತಿ ನೋಡಿದಾಗ ನಮ್ಮ ಹುಡುಗಿಯ ಜಾಕೆಟ್ ಕಿವಿಯವರೆಗೆ ಬಂದಿತ್ತು. ಅಲ್ಲಿಯೇ ನಾನು ಹಿಂದಿರುಗಬೇಕಿತ್ತು. ದೂರನ್ನು ಅವರ ಮೇಲೆ ಹೊರಿಸುವಾಗ, ಹೊರಡೋಣವೆಂದು ತಲೆಯಾಡಿಸಿದವನು ನಾನೇ ಎಂಬುದನ್ನು ಮರೆಯುವಂತಿಲ್ಲ.

ಮರುದಿನ ಬೆಳಗ್ಗೆ ಏರುನೀರಿನಲ್ಲಿ ಅದೇ ದಾರಿ ಸುಖವಾಗಿ ಸಾಗಿತು. ಕಲ್ಲುಮ್ಮಕಾಯಿ ಎಂಬ ಚಿಪ್ಪುಜೀವಿಯ ಕೃಷಿಯ ಬಿದಿರಿನ ಚಪ್ಪರಗಳನ್ನು ಹತ್ತಿರದಿಂದ ನೋಡಿದೆವು: ನೀರಿಗೆ ಇಳಿಬಿಟ್ಟ ಹಗ್ಗಗಳ ಸುತ್ತ ಕಪ್ಪು ಹಸಿರಿನ ಚಿಪ್ಪುಗಳು ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡಿರುತ್ತವೆ. ಈ ಚಪ್ಪರಗಳ ನಡುವೆ ದೋಣಿ ನುಗ್ಗಿಸುವುದು ಬೇರೆಯವರ ಬೆಳೆಯ ಗದ್ದೆಯಲ್ಲಿ ನಡೆದಂತೆ. ಸುತ್ತಿ ಹೋಗಬೇಕು, ಆ ಸುತ್ತಿನ ಹೊತ್ತನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಬೀಡಾರದ ವಿಷಯದಲ್ಲಿ ಕವ್ವಾಯಿಗೆ ಎರಡು ಮಿತಿಗಳಿವೆ. ಸುತ್ತಲೂ ನೀರಿದ್ದರೂ ಕುಡಿಯಲು ಹನಿಯಿಲ್ಲ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನಂತೆ ಒಂಬತ್ತು ಜನಕ್ಕೆ ಎರಡು ದಿನಕ್ಕೆ 72 ಲೀಟರ್, ಅಂದರೆ ಮಾತಾಡದ ಹತ್ತನೆಯ ಪ್ರಯಾಣಿಕನೊಬ್ಬನ ಭಾರ. ಎರಡನೆಯದು ಶೌಚ. ಕಾಡಿನ ಬೀಡಾರಗಳಲ್ಲಿ ನೀರಿನಿಂದ 60 ಮೀಟರ್ ದೂರದಲ್ಲಿ ಒಂದು ಗೇಣಿನಷ್ಟು ಗುಂಡಿ ತೋಡಿ ಮುಚ್ಚಬೇಕೆಂಬ ನಿಯಮವನ್ನು ಹೊನ್ನೆಮರಡಿನಲ್ಲಿ ಪಾಲಿಸಿದ್ದೆವು. ವಲಿಯಪರಂಬದ ಕೆಲವು ಜಾಗಗಳಲ್ಲಿ ಕಾಯಲಿನಿಂದ ಅಷ್ಟು ದೂರ ನಡೆದರೆ ಕಡಲಿಗೆ ಅಷ್ಟು ದೂರ ಉಳಿಯುವುದಿಲ್ಲ. ಆದುದರಿಂದ ಅಲ್ಲಿ ಯಾರದಾದರೂ ಮನೆಯಂಗಳದಲ್ಲಿ, ಅವರನ್ನು ಕೇಳಿ, ಡೇರೆ ಹಾಕುವುದೇ ಮರ್ಯಾದೆ.

ದೋಣಿಗಳ ಬಗ್ಗೆ ಒಂದು ಮಾತು. ಹೊನ್ನೆಮರಡಿನಲ್ಲಿ ನಾವು ಹತ್ತಿದ್ದು ತೆರೆದ ಕೆನೋ: ಇಬ್ಬರು ಹಿಂದು ಮುಂದಾಗಿ ಕುಳಿತು ಒಂದೇ ಅಲಗಿನ ಹುಟ್ಟು ಹಾಕುತ್ತಾರೆ, ನಡುವೆ ಡೇರೆ, ಅಕ್ಕಿ, ಪಾತ್ರೆ ಎಲ್ಲವೂ ಹಿಡಿಸುತ್ತವೆ, ದಿಕ್ಕು ಹಿಡಿಯುವುದು ಹಿಂದೆ ಕುಳಿತವರ ಕೆಲಸ. ಕವ್ವಾಯಿಯಲ್ಲಿ ಸಿಕ್ಕಿದ್ದು ಮೇಲೆ ಕೂರುವ ಪ್ಲಾಸ್ಟಿಕ್ ಕಯಾಕು. ಅದು ಮುಳುಗುವುದಿಲ್ಲ, ಗಾಳಿಗೆ ಅಷ್ಟಾಗಿ ಓಲುವುದಿಲ್ಲ, ಕಲಿಯಲು ಹತ್ತು ನಿಮಿಷ ಸಾಕು. ಆದರೆ ತಳದ ತೂತುಗಳಿಂದ ಉಕ್ಕುವ ನೀರಿನಲ್ಲಿ ಇಡೀ ದಿನ ಕೂರಬೇಕು, ಸಾಮಾನನ್ನು ಹಗ್ಗ ಬಿಗಿದು ಮೇಲೆ ಕಟ್ಟಬೇಕು, ಅರುವತ್ತರ ಬೆನ್ನಿಗೆ ಅದು ಎರಡನೆಯ ಗಂಟೆಯಿಂದಲೇ ಶಿಕ್ಷೆ. ಬೀಡಾರದ ಸಾಮಾನಿರುವ ಯಾನಕ್ಕೆ ಕೆನೋವೇ ಸರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಪಯಸ್ವಿನಿಯಲ್ಲಿ ಅಂಬಿಗರ ಮರದ ದೋಣಿಯೊಂದು, ಗೆಳೆಯರಿಂದ ಎರವಲು ತಂದ ಕೆನೋಗಳೆರಡು. ಮರದ ದೋಣಿಯಲ್ಲಿ ಗಳೆ ಹಾಕುವವರೊಬ್ಬರೇ ದುಡಿಯುತ್ತಾರೆ, ಉಳಿದವರು ಮದುವೆ ದಿಬ್ಬಣದಂತೆ ಕೂತಿರುತ್ತಾರೆ. ಹಿರಿಯರಿಗೆ ಅದೇ ಇಷ್ಟವಾಯಿತು.

ಪಯಸ್ವಿನಿ ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ನಮ್ಮಲ್ಲಿಗೆ ಬಂದು, ಕಡಲು ಸೇರುವ ಹೊತ್ತಿಗೆ ಚಂದ್ರಗಿರಿ ಎನಿಸಿಕೊಳ್ಳುತ್ತದೆ. ಮೇಲ್ಭಾಗದ ಕಾಡಿನ ದಡದಲ್ಲಿ ಬೀಡಾರ ಹೂಡಬೇಕೆಂಬುದು ಕಿರಿಯರ ಹಟವಾಗಿತ್ತು. ಕಾರಡ್ಕ, ಮುಳಿಯಾರು, ದೇಲಂಪಾಡಿ ಕಡೆ ಆನೆಗಳು ತೋಟಕ್ಕೆ ಇಳಿಯುವುದನ್ನು ಬಲ್ಲ ನಾವು ಹಿರಿಯರು ಒಪ್ಪಲಿಲ್ಲ. ಬಾವಿಕ್ಕರೆಯಲ್ಲಿ ಉಪ್ಪುನೀರು ಮೇಲೇರದಂತೆ ತಡೆಯುವ ಅಣೆಕಟ್ಟಿದೆ. ಅದರ ಮೇಲಕ್ಕೆ ಸಿಹಿನೀರು, ಕೆಳಕ್ಕೆ ಕಡಲಿನ ಏರಿಳಿತ. ಪರಿಚಯದವರ ಅಡಿಕೆ ತೋಟದ ಕೊಟ್ಟಿಗೆಯ ಪಕ್ಕದಲ್ಲಿ ಡೇರೆ ಹಾಕಿ, ರಾತ್ರಿ ಕುಚ್ಚಲಕ್ಕಿ ಗಂಜಿ ಉಂಡು, ಮರುದಿನ ಅಣೆಕಟ್ಟಿನ ಕೆಳಗಿನಿಂದ ಹೊರಟೆವು. ಕೆನೋಗಳನ್ನು ಅಣೆಕಟ್ಟಿನ ಬದಿಯಿಂದ ಹೆಗಲ ಮೇಲೆ ಹೊತ್ತು ದಾಟಿಸಿದಾಗ ಮಾತ್ರ, ಸರೋವರದಿಂದ ಸರೋವರಕ್ಕೆ ದೋಣಿ ಹೊರುವ ಆ ಮಿನ್ನೆಸೋಟದವರ ಕಷ್ಟ ಅರ್ಥವಾಯಿತು. ಮೂವತ್ತು ಕಿಲೋ ಎಂಬುದು ಕಾಗದದ ಮೇಲೆ ಹಗುರವೇ.

ಅಂದು ಅಷ್ಟಮಿ. ಮುಂಜಾವ ತುಂಬಿದ್ದ ನೀರು ಆರರಿಂದ ಇಳಿಯತೊಡಗಿ, ಮೆಲ್ಲನೆಯ ಸೆಳೆತ ನಮ್ಮನ್ನು ತಾನಾಗಿ ಕೆಳಕ್ಕೆ ಒಯ್ಯಿತು. ಕಡಲಗಾಳಿ ಏಳುವ ಮೊದಲೇ ತೆಕ್ಕಿಲ್ ಸೇತುವೆ ದಾಟಿದ್ದೆವು. ಕೆಳಗೆ ಎಡದಡದ ಗುಡ್ಡದ ಮೇಲೆ ಚಂದ್ರಗಿರಿ ಕೋಟೆ. ಅದನ್ನು ಕಟ್ಟಿಸಿದ ಶಿವಪ್ಪ ನಾಯಕನ ವಂಶದವರ ಹಳೆಯ ರಾಜಧಾನಿ ಇಕ್ಕೇರಿ ನಾವು ಮೊದಲ ವರ್ಷ ಬಸ್ಸಿಳಿದ ಸಾಗರದ ಪಕ್ಕದಲ್ಲೇ ಇದೆ. ಅಳಿವೆಯವರೆಗೆ ಹೋಗೋಣವೆಂದಾಗ ಅಂಬಿಗರು ಗಳೆಯನ್ನು ಅಡ್ಡ ಇಟ್ಟರು. ಇಳಿನೀರು ಹೊರಕ್ಕೆ ನೂಕುವಾಗ ಅಲೆ ಒಳಕ್ಕೆ ನೂಕುವ ಜಾಗ ಅದು, ಮಕ್ಕಳಿರುವ ದೋಣಿ ಅಲ್ಲಿಗೆ ಸಲ್ಲದು ಎಂದರು. ನಾವು ಚೆಮ್ನಾಡಿನಲ್ಲಿ ಇಳಿದೆವು. ಪ್ರಮಾಣಪತ್ರವಿಲ್ಲದ ಈ ಅಂಬಿಗರು ಮತ್ತು ಹೊನ್ನೆಮರಡಿನ ತರಬೇತಾದ ಹುಡುಗ, ಇಬ್ಬರೂ ಬೇಡ ಎನ್ನಬಲ್ಲವರಾಗಿದ್ದರು. ಕವ್ವಾಯಿಯಲ್ಲಿ ನಮಗೆ ಸಿಗದಿದ್ದುದು ಇದೊಂದೇ. ಆದರೆ ಅಂಬಿಗರಲ್ಲಿ ಎಸೆಯುವ ಹಗ್ಗವಿರಲಿಲ್ಲ, ಲೈಫ್ ಜಾಕೆಟ್ ಇರಲಿಲ್ಲ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಇರಲಿಲ್ಲ. ಅವೆಲ್ಲವನ್ನೂ ನಾವೇ ಹೊಂದಿಸಬೇಕಾಯಿತು, ಖರ್ಚು ಕಡಿಮೆಯಾದರೂ ಆ ಓಡಾಟಕ್ಕೆ ತಿಂಗಳು ಹಿಡಿಯಿತು.

ಈಗ ಯಾರಾದರೂ ಕೇಳಿದರೆ, ಎಲ್ಲರೂ ಹೊಸಬರಾಗಿರುವ ತಂಡಕ್ಕೆ ದೂರವಾದರೂ ಹೊನ್ನೆಮರಡನ್ನೇ ಹೇಳುತ್ತೇನೆ. ಒಮ್ಮೆ ಮಗುಚಿ ಎದ್ದವರಿಗೆ ಕವ್ವಾಯಿ, ಆದರೆ ದೋಣಿ ಕೊಡುವವರಿಗೆ ಹಣ ಕೊಡುವ ಮೊದಲು, ಹೊರಡುವ ಹೊತ್ತನ್ನು ಯಾರು ನಿರ್ಧರಿಸುತ್ತಾರೆ ಮತ್ತು ಮಕ್ಕಳ ಅಳತೆಯ ಜಾಕೆಟ್ ಎಷ್ಟಿವೆ ಎಂದು ಕೇಳಬೇಕು. ಪಯಸ್ವಿನಿ ನಮ್ಮವರಿಗೆ, ಅಂದರೆ ದಡದಲ್ಲಿ ಪರಿಚಯದ ತೋಟವಿರುವವರಿಗೆ. ಮುಂದಿನ ಬಾರಿ ನಮ್ಮ ಗುಂಪು ಮತ ಹಾಕಿ ಜಾಗ ಆರಿಸುವುದಿಲ್ಲ. ಹತ್ತು ದಿನದ ರಜೆಯೊಳಗೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಬಿದ್ದರೆ ಬೆಳಗಿನ ಏರುನೀರು ಸಿಗುವ ಕವ್ವಾಯಿ, ಅಷ್ಟಮಿ ಬಿದ್ದರೆ ಬೆಳಗಿನ ಇಳಿನೀರು ಸಿಗುವ ಪಯಸ್ವಿನಿ. ಎರಡೂ ಬಿದ್ದರೆ ಮಾತ್ರ ಜಗಳ.