ಟಿಳಕವಾಡಿಯ ಮಹಿಳಾ ಫಿಜಿಯೋಥೆರಪಿ ಕೇಂದ್ರ: ತಪಾಸಣೆ ಉತ್ತಮ, ಪರದೆ ಸಾಲದು

ಕೆಮ್ಮಿದಾಗ, ಸೀನಿದಾಗ ಅಥವಾ ತುಂಬಿದ ಕೊಡ ಎತ್ತಿದಾಗ ಮೂತ್ರ ಸೋರುವ ತೊಂದರೆಗೆ ಬೆಳಗಾವಿಯಲ್ಲಿ ಚಿಕಿತ್ಸೆ ಹುಡುಕುತ್ತಿರುವ ಮಹಿಳೆಯರು ಟಿಳಕವಾಡಿಯ ಈ ಸಣ್ಣ ಕೇಂದ್ರಕ್ಕೆ ಧೈರ್ಯವಾಗಿ ಹೋಗಬಹುದು. ಆದರೆ ಅಲ್ಲಿ ಹೇಳುವ ಎಲ್ಲ ಪ್ಯಾಕೇಜುಗಳಿಗೂ ಹಣ ಕಟ್ಟಬೇಕಾಗಿಲ್ಲ. ಎರಡನೆಯ ಹೆರಿಗೆಯ ನಂತರ ನನಗೆ ಈ ತೊಂದರೆ ಶುರುವಾದಾಗ ಮನೆಯ ಹಿರಿಯರು "ಬಾಣಂತನ ಬರೊಬ್ಬರಿ ಆಗಿಲ್ಲ" ಎಂದರು, ಗೆಳತಿಯರು ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಗೊಳಿಸುವ ಕೀಗಲ್ ವ್ಯಾಯಾಮದ ವಿಡಿಯೋ ಕಳಿಸಿದರು.

ಅಮೆರಿಕದ ಸ್ತ್ರೀರೋಗತಜ್ಞ ಆರ್ನಲ್ಡ್ ಕೀಗಲ್ 1948ರಲ್ಲಿ ಪ್ರಕಟಿಸಿದ ಆ ವ್ಯಾಯಾಮ ಇಂದು ಯಾರಿಗಾದರೂ ಮೊಬೈಲಿನಲ್ಲಿ ಸಿಗುತ್ತದೆ. ಮೂತ್ರಕೋಶ, ಗರ್ಭಕೋಶ ಮತ್ತು ಗುದನಾಳಗಳನ್ನು ಕೆಳಗಿನಿಂದ ಹೊತ್ತು ನಿಂತಿರುವ ಪೆಲ್ವಿಕ್ ಫ್ಲೋರ್ ಸ್ನಾಯುಗಳನ್ನೇ ನಾವು ಬಿಗಿಗೊಳಿಸುತ್ತಿದ್ದೇವೆಯೇ, ಅಥವಾ ತೊಡೆ ಮತ್ತು ಹೊಟ್ಟೆಯನ್ನೇ ಎಂದು ನೋಡಿ ಹೇಳುವವರು ಮಾತ್ರ ಸುಲಭವಾಗಿ ಸಿಗುವುದಿಲ್ಲ. ಸ್ವತಃ ಕೀಗಲ್ ಅವರೂ ಬರೀ ವ್ಯಾಯಾಮ ಹೇಳಿ ಕೈತೊಳೆದುಕೊಂಡವರಲ್ಲ. ಸ್ನಾಯುವಿನ ಒತ್ತಡವನ್ನು ಅಳೆಯಲು ಪೆರಿನಿಯೋಮೀಟರ್ ಎಂಬ ಸಾಧನವನ್ನೂ ರೂಪಿಸಿದ್ದರು.

ಈ ಕೇಂದ್ರದಲ್ಲಿ ಕನ್ನಡ, ಮರಾಠಿ ಎರಡನ್ನೂ ಬಲ್ಲ ಮಹಿಳಾ ಥೆರಪಿಸ್ಟ್ ಮೊದಲು ಒಂದು ಹಾಳೆ ಕೊಟ್ಟು, ಎಷ್ಟು ನೀರು ಮತ್ತು ಚಹಾ ಕುಡಿದಿರಿ, ಯಾವಾಗ ಶೌಚಾಲಯಕ್ಕೆ ಹೋದಿರಿ, ಯಾವಾಗ ಸೋರಿತು ಎಂದು ಮೂರು ದಿನ ಬರೆದು ತರಲು ಹೇಳುತ್ತಾರೆ. ಕೆಮ್ಮಿದಾಗ ಸೋರುವುದು ಬೇರೆ, ತಡೆಯಲಾಗದ ಅವಸರದಿಂದ ಸೋರುವುದು ಬೇರೆ ಎಂಬುದು ಆ ಹಾಳೆಯಿಂದಲೇ ಬಹುಮಟ್ಟಿಗೆ ತಿಳಿಯುತ್ತದೆ. ನಂತರ ಒಪ್ಪಿಗೆ ಕೇಳಿ, ಬಾಗಿಲು ಹಾಕಿ, ಕೈಗವಸು ತೊಟ್ಟ ಬೆರಳಿನಿಂದ ಒಳಗಿನ ಪರೀಕ್ಷೆ ಮಾಡಿ, ಸ್ನಾಯುವಿನ ಬಲಕ್ಕೆ ಸೊನ್ನೆಯಿಂದ ಐದರವರೆಗಿನ ಅಂಕ ಕೊಡುತ್ತಾರೆ. ಇನ್ನೊಂದು ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟು, "ಗ್ಯಾಸ್ ತಡದಂಗ ಒಳಗ ಮ್ಯಾಲ ಎಳೀರಿ, ಉಸುರು ಹಿಡೀಬ್ಯಾಡ್ರಿ, ಜೋರಾಗಿ ಎಣಸ್ರಿ" ಎಂದರು. ಎಣಿಸುತ್ತಿದ್ದರೆ ಉಸಿರು ಕಟ್ಟಲು ಆಗುವುದೇ ಇಲ್ಲ. ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಒತ್ತುವವರು ಬಹಳ ಮಂದಿಯಂತೆ. ಸ್ನಾಯು ಮೊದಲೇ ಬಿಗಿಯಾಗಿದ್ದು ನೋವಿರುವವರಿಗೆ ಇದೇ ವ್ಯಾಯಾಮ ತೊಂದರೆಯನ್ನು ಹೆಚ್ಚಿಸಬಹುದಾದ್ದರಿಂದ, ಅವರಿಗೆ ಮೊದಲು ಸಡಿಲಿಸುವುದನ್ನೇ ಕಲಿಸುತ್ತಾರೆ.

ನನಗೆ ಹೇಳಿದ್ದು ಪ್ರತಿ ಸಲ ಕನಿಷ್ಠ ಎಂಟು ಬಾರಿ ಬಿಗಿಗೊಳಿಸುವುದು, ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು. ಜೊತೆಗೆ ಕೆಮ್ಮು ಬರುವ ಮುನ್ನವೇ ಒಳಗೆ ಎಳೆದುಕೊಳ್ಳುವ ಅಭ್ಯಾಸ. ಆರಂಭದ ವಾರಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಈಗ ಪ್ಯಾಡ್ ಇಲ್ಲದೆ ಖಾನಾಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನೆಗಡಿ ಜೋರಾದಾಗ ಮಾತ್ರ ಸ್ವಲ್ಪ ಸೋರುತ್ತದೆ.

ಆಕ್ಷೇಪಗಳೂ ಇವೆ. ಮುಂಭಾಗದ ಮೇಜಿನಲ್ಲಿ ಕುಳಿತವರು "ಏನ್ ತ್ರಾಸ ಐತ್ರಿ?" ಎಂದು ಗಂಡಸರ ಎದುರಿಗೇ ಕೇಳುತ್ತಾರೆ. ತಪಾಸಣೆ ಮುಚ್ಚಿದ ಕೋಣೆಯಲ್ಲಾದರೂ, ವ್ಯಾಯಾಮ ಮಾಡಿಸುವುದು ಸಭಾಂಗಣದಂಥ ಜಾಗದಲ್ಲಿ, ಮೊಣಕಾಲು ನೋವಿನವರ ಪಕ್ಕದಲ್ಲಿ, ಒಂದೇ ಒಂದು ತೆಳು ಪರದೆಯ ಆಚೆ. ಇನ್ನು ವಿದ್ಯುತ್ ಪ್ರಚೋದನೆಯ, ಅಂದರೆ ಸಣ್ಣ ವಿದ್ಯುತ್ ಪ್ರವಾಹದಿಂದ ಸ್ನಾಯುವನ್ನು ಬಿಗಿಗೊಳಿಸುವ ಪ್ಯಾಕೇಜನ್ನು ಎಲ್ಲರಿಗೂ ಹೇಳುವುದು ನನಗೆ ಸರಿಕಾಣಲಿಲ್ಲ. ಸ್ನಾಯುವನ್ನು ತಾವಾಗಿಯೇ ಬಿಗಿಗೊಳಿಸಲಾಗದವರಿಗೆ ಅದು ಉಪಯೋಗಕ್ಕೆ ಬರಬಹುದು. ವ್ಯಾಯಾಮದ ಜೊತೆಗೆ ಅದನ್ನು ವಾಡಿಕೆಯಾಗಿ ಕೊಡಬಾರದೆಂದು ಚಿಕಿತ್ಸೆಗಳ ಬಗ್ಗೆ ವೈದ್ಯರಿಗೆ ಸಲಹೆ ನೀಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಬೇಡವೆಂದಾಗ ಥೆರಪಿಸ್ಟ್ ಒತ್ತಾಯಿಸಲಿಲ್ಲ ಎಂಬುದನ್ನೂ ಹೇಳಬೇಕು.

ಮೂತ್ರದಲ್ಲಿ ರಕ್ತ ಕಂಡವರನ್ನು, ಕೆಳಗೆ ಗಂಟಿನಂತೆ ಏನೋ ಜಾರಿ ಬರುತ್ತಿದೆ ಎನ್ನುವವರನ್ನು ಇಲ್ಲಿಯವರೇ ಮೊದಲು ವೈದ್ಯರ ಬಳಿ ಕಳಿಸುತ್ತಾರೆ. ಉಳಿದವರು ಫೋನಿನಲ್ಲೇ "ವ್ಯಾಯಾಮಕ್ಕೂ ಒಳಗಿನ ಕೋಣೆ ಬೇಕು" ಎಂದು ತಿಳಿಸಿ, ಗದ್ದಲ ಕಡಿಮೆಯಿರುವ ಮಧ್ಯಾಹ್ನದ ಸಮಯ ಪಡೆಯುವುದು ಒಳ್ಳೆಯದು, ಕೇಳಿದರೆ ಕೊಡುತ್ತಾರೆ.