ಕಾಪಿ ಆಗದ ಸಿಡಿಗೆ ನಾಲ್ಕು ದಾರಿ: ನಾನು ಮಾಡಿ ನೋಡಿದ್ದು

ಅಪ್ಪನ ಕಪಾಟಿನಲ್ಲಿ ಇನ್ನೂರು ಚಿಲ್ಲರೆ ಆಡಿಯೋ ಸಿಡಿಗಳಿವೆ. ಹೆಚ್ಚಿನವು ಕರ್ನಾಟಕ ಸಂಗೀತ, ಭಾವಗೀತೆ. ಮೈಸೂರಿನ ಅಂಗಡಿಗಳಲ್ಲಿ ಒಂದೊಂದಾಗಿ ಆರಿಸಿ ಕೊಂಡದ್ದು. ಈಚೆಗೆ ಒಂದು ಪಿಟೀಲು ಕಛೇರಿಯ ಸಿಡಿ ಹಾಕಿದರೆ ಮೂರನೇ ಟ್ರ್ಯಾಕಿನಲ್ಲಿ ಟಿಕ್ ಟಿಕ್ ಎಂದು ಎಗರತೊಡಗಿತು. ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಲೇಬಲ್ಲಿನ ಬಣ್ಣ ಏಳುತ್ತಿದ್ದ ಕಡೆ ಸೂಜಿ ಮೊನೆಯಷ್ಟು ತೂತುಗಳು, ಅವುಗಳಿಂದ ಬೆಳಕು ಈಚೆಗೆ ತೂರಿ ಬರುತ್ತಿತ್ತು. ಸಂಗೀತ ಇರುವುದು ಆ ಲೇಬಲ್ಲಿನ ಕೆಳಗಿನ ತೆಳು ಅಲ್ಯೂಮಿನಿಯಂ ಪದರದಲ್ಲೇ. ಅದು ಉದುರಿದರೆ ಆ ಜಾಗದ ಮಾಹಿತಿ ಹೋದ ಹಾಗೆ.

ಅಂದೇ ಬ್ಯಾಕಪ್ ಶುರು ಮಾಡಿದೆ. ಯಾವ ವಿಧಾನ ಒಳ್ಳೆಯದು ಎಂದು ತಿಳಿಯಲು ಮೂರು ಡಿಸ್ಕ್ ಆರಿಸಿಕೊಂಡೆ. ಒಂದು, ಈ ಪಿಟೀಲು ಸಿಡಿ. ಎರಡು, ಅಣ್ಣ 2003ರಲ್ಲಿ ಜರ್ಮನಿಯಿಂದ ತಂದ, ಡಬ್ಬಿಯ ಮೇಲೆ ‘ಕಾಪಿ ಕಂಟ್ರೋಲ್’ ಗುರುತಿರುವ ಡಿಸ್ಕ್. ಮೂರು, ಗೆಳೆಯನದು. ಕಂಪ್ಯೂಟರಿಗೆ ಹಾಕಿದ ಕೂಡಲೇ ತಾನೇ ಸಾಫ್ಟ್‌ವೇರ್ ಹಾಕಿಕೊಳ್ಳುವ ಜಾತಿ.

ಕೊನೆಯ ಎರಡು ಡಿಸ್ಕುಗಳಲ್ಲಿ ಕಾಪಿ ಆಗದಂತೆ ಹಾಕಿದ ಬೀಗಗಳ ವ್ಯತ್ಯಾಸ ಗೊತ್ತಿರಲೇಬೇಕು. ಫಿಲಿಪ್ಸ್ ಮತ್ತು ಸೋನಿ 1980ರಲ್ಲಿ ಸಿಡಿಯ ನಿಯಮಗಳನ್ನು ‘ರೆಡ್ ಬುಕ್’ ಎಂದು ಬರೆದಿಟ್ಟಾಗ ಅದರಲ್ಲಿ ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆಯೇ ಇರಲಿಲ್ಲ. ಆಮೇಲೆ ಬೀಗ ಬೇಕೆಂದವರು ನಿಯಮವನ್ನೇ ಮುರಿಯಬೇಕಾಯಿತು. ಮೊದಲ ಜಾತಿಯಲ್ಲಿ ಡಿಸ್ಕಿನ ವಿಷಯಸೂಚಿಯನ್ನು ಬೇಕೆಂದೇ ಕೆಡಿಸಿರುತ್ತಾರೆ. ಹಾಡು ಮೊದಲ ಸೆಷನ್‌ನಲ್ಲಿ, ಅಂದರೆ ಮೊದಲ ಭಾಗದಲ್ಲಿ, ಅದರಾಚೆ ಇನ್ನೊಂದು ಡೇಟಾ ಸೆಷನ್. ಸಾಮಾನ್ಯ ಸಿಡಿ ಪ್ಲೇಯರ್ ಮೊದಲನೆಯದನ್ನು ಮಾತ್ರ ನೋಡುತ್ತದೆ. ಕಂಪ್ಯೂಟರ್ ಡ್ರೈವ್ ಕೊನೆಯದನ್ನು ಮೊದಲು ನೋಡಿ ದಾರಿ ತಪ್ಪುತ್ತದೆ. ಕೆಲವಕ್ಕೆ ಸಣ್ಣ ಸಣ್ಣ ದೋಷಗಳನ್ನೂ ಸೇರಿಸುತ್ತಿದ್ದರು. ನನಗೆ ನಿಜಕ್ಕೂ ಸಿಟ್ಟು ಬರುವುದು ಇದಕ್ಕೇ. ಸಿಡಿಯ ದೋಷ ತಿದ್ದುವ ವ್ಯವಸ್ಥೆ ಸುಮಾರು 2.5 ಮಿಲಿಮೀಟರ್ ಉದ್ದದ ಗೀರನ್ನೂ ಸರಿಮಾಡಬಲ್ಲದು. ಆ ಶಕ್ತಿ ಇರುವುದು ಧೂಳು, ಗೀರು, ವಯಸ್ಸಿಗಾಗಿ. ಅದರಲ್ಲೊಂದು ಪಾಲನ್ನು ಕಾರ್ಖಾನೆಯಲ್ಲೇ ಖರ್ಚು ಮಾಡಿ ಕೊಟ್ಟರೆ, ಮುಂದೆ ಗೀರು ಬಿದ್ದಾಗ ಕಾಪಾಡಲು ಉಳಿಯುವುದು ಕಡಿಮೆಯೇ ಅಲ್ವಾ?

ಈಗ ಮೊದಲ ದಾರಿ: ಕಂಪ್ಯೂಟರ್ ಜೊತೆಗೇ ಬರುವ ಪ್ಲೇಯರಿನಲ್ಲಿ ‘ರಿಪ್’ ಒತ್ತುವುದು, ಅಂದರೆ ಸಿಡಿಯ ಹಾಡುಗಳನ್ನು ಕಡತಗಳಾಗಿ ಕಂಪ್ಯೂಟರಿಗೆ ಇಳಿಸುವುದು. ಪಿಟೀಲು ಸಿಡಿ ಆರು ನಿಮಿಷದಲ್ಲಿ ಮುಗಿಯಿತು. ಎಲ್ಲಾ ಸರಿ ಎಂದು ತೋರಿಸಿತು. ಕೇಳಿದರೆ ಮೂರನೇ ಟ್ರ್ಯಾಕಿನಲ್ಲಿ ಅದೇ ಟಿಕ್ ಟಿಕ್. ತಪ್ಪಾಗಿದೆ ಎಂದು ಒಂದು ಮಾತೂ ಹೇಳಲಿಲ್ಲ. ಕಾಪಿ ಕಂಟ್ರೋಲ್ ಡಿಸ್ಕಿನಲ್ಲಿ ಹಾಡುಗಳೇ ಕಾಣಲಿಲ್ಲ. ಡಿಸ್ಕಿನೊಳಗಿನ ಅದರದೇ ಪುಟ್ಟ ಪ್ಲೇಯರ್ ತೆರೆದು, ಕುಗ್ಗಿಸಿದ ಕಡತದಿಂದ ಸಪ್ಪೆ ದನಿ ಕೇಳಿಸಿತು. ಅಪ್ಪ ಪಕ್ಕದಲ್ಲೇ ಕೂತಿದ್ದರು. “ದುಡ್ಡು ಕೊಟ್ಟು ತಂದಿದ್ದಲ್ವೇನೋ, ನಮ್ಮ ಮನೇಲಿ ಕೇಳೋಕೂ ಯಾಕೆ ಬಿಡಲ್ಲ?” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೆಯದು ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ರಿಪ್ ಮಾಡುವ ಪ್ರೋಗ್ರಾಂ. ವಿಂಡೋಸ್‌ನಲ್ಲಿ ಓಡುತ್ತದೆ, ಮನೆ ಬಳಕೆಗೆ ಉಚಿತ. ಇದರ ಸೆಕ್ಯೂರ್ ಮೋಡ್‌ನಲ್ಲಿ ಪ್ರತಿ ತುಣುಕನ್ನೂ ಕನಿಷ್ಠ ಎರಡು ಸಲ ಓದುತ್ತದೆ. ಎರಡೂ ಒಂದೇ ಇಲ್ಲದಿದ್ದರೆ ಮತ್ತೆ ಮತ್ತೆ, 82 ಸಲದವರೆಗೂ ಓದಿ ನೋಡುತ್ತದೆ. ಸಿಡಿಯಲ್ಲಿ ಒಂದು ಸೆಕೆಂಡಿಗೆ 75 ತುಣುಕುಗಳು ಇರುತ್ತವೆ ಎಂದ ಮೇಲೆ ಎಷ್ಟು ಕೆಲಸ ಲೆಕ್ಕ ಹಾಕಿ. ಪಿಟೀಲು ಸಿಡಿಯ ಮೂರನೇ ಟ್ರ್ಯಾಕ್ ಒಂದಕ್ಕೇ ಐವತ್ತು ನಿಮಿಷ ಹಿಡಿಯಿತು. ಡ್ರೈವ್ ಗುಂಯ್ ಎಂದು ವೇಗ ಹಿಡಿಯುವುದು, ನಿಲ್ಲುವುದು, ಮತ್ತೆ ಹಿಡಿಯುವುದು. ಕೊನೆಗೆ ಎರಡೇ ಎರಡು ಕಡೆ ‘ಇಲ್ಲಿ ಅನುಮಾನ’ ಎಂದು ನಿಮಿಷ, ಸೆಕೆಂಡ್ ಸಮೇತ ಬರೆದು ಕೊಟ್ಟಿತು. ಆ ಪಟ್ಟಿಯೇ ನನಗೆ ದೊಡ್ಡದು. ಎಲ್ಲಿ ಕೇಳಿ ನೋಡಬೇಕು ಎಂದು ಗೊತ್ತಾಯಿತಲ್ಲ. ಕಿವಿಗೊಟ್ಟು ಕೇಳಿದೆ. ಒಂದು ಕಡೆ ಮಾತ್ರ ಸಣ್ಣ ಟಿಕ್ ಉಳಿದಿತ್ತು.

ಬೇರೆಯವರ ರಿಪ್ ಜೊತೆ ಹೋಲಿಸಿ ನೋಡುವ ಆಕ್ಯುರೇಟ್‌ರಿಪ್ ಎಂಬ ಸೌಲಭ್ಯವೂ ಇದೆ. ಆದರೆ ನಮ್ಮ ಈ ಕಛೇರಿ ಸಿಡಿ ಅದರಲ್ಲಿ ಸಿಗಲಿಲ್ಲ. ಹಾಗಾಗಿ ಚೆನ್ನಾಗಿ ಬಂದ ಟ್ರ್ಯಾಕುಗಳನ್ನು ಎರಡು ಬೇರೆ ಡ್ರೈವ್‌ಗಳಲ್ಲಿ ರಿಪ್ ಮಾಡಿ ಸಿಆರ್‌ಸಿ ಸಂಖ್ಯೆ (ಕಡತದ ಮಾಹಿತಿಯಿಂದ ಲೆಕ್ಕ ಹಾಕುವ ಪರೀಕ್ಷಾ ಸಂಖ್ಯೆ) ತಾಳೆ ನೋಡಿದೆ. ಪ್ರತಿ ಡ್ರೈವ್‌ಗೂ ಅದರದೇ ಆಫ್‌ಸೆಟ್ (ಓದಲು ಶುರು ಮಾಡುವ ಜಾಗದ ಸಣ್ಣ ವ್ಯತ್ಯಾಸ) ಮೊದಲು ಹೊಂದಿಸಬೇಕು. ಇಲ್ಲದಿದ್ದರೆ ಸರಿಯಾದ ರಿಪ್ ಕೂಡ ತಾಳೆಯಾಗುವುದಿಲ್ಲ. ಇದು ತಿಳಿಯದೆ ಒಂದು ಸಂಜೆ ಕಳೆದೆ.

ಕಾಪಿ ಕಂಟ್ರೋಲ್ ಡಿಸ್ಕ್ ಲ್ಯಾಪ್‌ಟಾಪಿನ ಡ್ರೈವ್‌ನಲ್ಲಿ ಇಲ್ಲೂ ಮೊಂಡು ಹಿಡಿಯಿತು. ಇದರಲ್ಲಿ ವಿಷಯಸೂಚಿಯನ್ನು ಕೈಯಾರೆ ಹುಡುಕಿಸುವ ಆಯ್ಕೆ ಇದೆ. ಅದನ್ನು ಒತ್ತಿ, ಊಟ ಮುಗಿಸಿ ಬರುವಷ್ಟರಲ್ಲಿ ಟ್ರ್ಯಾಕುಗಳು ಕಂಡವು. ಅದೇ ಡಿಸ್ಕನ್ನು ಹಳೇ ಡೆಸ್ಕ್‌ಟಾಪಿನ ಡ್ರೈವ್‌ಗೆ ಹಾಕಿದರೆ ಏನೂ ಮಾಡದೆಯೇ ಕಂಡವು! ಈ ಜಾತಿಯ ಬೀಗಕ್ಕೆ ಸಾಫ್ಟ್‌ವೇರಿಗಿಂತ ಡ್ರೈವ್ ಮುಖ್ಯ ಎಂದು ನನಗೆ ಅನಿಸಿದ್ದು ಇಲ್ಲಿ. 2002ರಲ್ಲಿ ಡಿಸ್ಕಿನ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಡೇಟಾ ಭಾಗ ಮುಚ್ಚುವ ಉಪಾಯ ಸುದ್ದಿಯಾಗಿತ್ತು. ಅಣ್ಣ ತಂದ ಸಿಡಿಗೆ ಮಸಿ ಬಳಿಯಲು ನನಗೆ ಮನಸ್ಸಾಗಲಿಲ್ಲ.

ಮೂರನೆಯದು ಲಿನಕ್ಸ್‌ನ (ವಿಂಡೋಸ್ ಬದಲು ಬಳಸುವ ಇನ್ನೊಂದು ವ್ಯವಸ್ಥೆ) ಸಿಡಿಪ್ಯಾರನೋಯಾ ಎಂಬ ಪ್ರೋಗ್ರಾಂ. ಕಪ್ಪು ಪರದೆಯಲ್ಲಿ ಒಂದು ಸಾಲು, ಅದರ ಜೊತೆ ಚಿಹ್ನೆಗಳಲ್ಲೇ ಬಿಡಿಸಿದ ಒಂದು ಪುಟ್ಟ ಮುಖ. ಸಲೀಸಾಗಿ ಓದುತ್ತಿದ್ದರೆ ನಗುತ್ತದೆ, ಕಷ್ಟವಾದರೆ ಮುಖ ಬದಲಾಗುತ್ತದೆ. ಗುಣಮಟ್ಟದಲ್ಲಿ ಎರಡನೆಯದಕ್ಕೆ ಸಮ. ಎಲ್ಲಿ ತಪ್ಪಾಯಿತು ಎಂಬ ವಿವರ ಅಷ್ಟು ಬಿಡಿಸಿ ಹೇಳುವುದಿಲ್ಲ. ಆದರೆ ಗೆಳೆಯನ ಡಿಸ್ಕಿಗೆ ಇದೇ ಮೇಲು. ಆ ಬೀಗ ಪೂರ್ತಿ ವಿಂಡೋಸ್ ಪ್ರೋಗ್ರಾಂ. ಲಿನಕ್ಸ್‌ನಲ್ಲಿ ಅದು ಓಡುವುದೇ ಇಲ್ಲ, ಹಾಗಾಗಿ ಮಾಮೂಲಿ ಸಿಡಿಯಂತೆ ರಿಪ್ ಆಯಿತು. ವಿಂಡೋಸ್‌ನಲ್ಲಾದರೆ ಡಿಸ್ಕ್ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿಯಬೇಕು. ಮೀಡಿಯಾಮ್ಯಾಕ್ಸ್ ಎಂಬ ಬೀಗ ಇಷ್ಟಕ್ಕೇ ಸೋಲುತ್ತದೆ ಎಂದು ಪ್ರಿನ್ಸ್‌ಟನ್ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್ಮನ್ 2003ರಲ್ಲಿ ತೋರಿಸಿದ್ದರು. ಒಮ್ಮೆ ಆ ಪ್ರೋಗ್ರಾಂ ಒಳಗೆ ಕೂತ ಮೇಲೆ ಶಿಫ್ಟ್ ಒತ್ತಿ ಉಪಯೋಗವಿಲ್ಲ. 2005ರ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಬಯಲು ಮಾಡಿದ್ದು ಇನ್ನೂ ಘೋರ. ಸೋನಿ ಬಿಎಂಜಿ ಸಿಡಿಗಳಲ್ಲಿದ್ದ ಎಕ್ಸ್‌ಸಿಪಿ ಎಂಬ ಬೀಗ ಕಂಪ್ಯೂಟರಿನ ಆಳಕ್ಕಿಳಿದು ತನ್ನ ಕಡತಗಳನ್ನು ಬಚ್ಚಿಡುತ್ತಿತ್ತು. ನವೆಂಬರಿನಲ್ಲಿ ಆ ಸಿಡಿಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಆ ಕಾಲದ ಡಿಸ್ಕ್ ನಿಮ್ಮಲ್ಲಿದ್ದರೆ ವಿಂಡೋಸ್‌ಗೆ ಸುಮ್ನೆ ಹಾಕಬೇಡಿ.

ನಾಲ್ಕನೆಯದು ಅಪ್ಪನ ಹಳೇ ಸಿಡಿ ಪ್ಲೇಯರಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ವೈರ್ ಹಾಕಿ ರೆಕಾರ್ಡ್ ಮಾಡುವುದು. ಮೂರೂ ಡಿಸ್ಕ್ ಬಂದವು. ಪ್ಲೇಯರಿನಲ್ಲಿ ಹಾಡುವುದೆಲ್ಲ ಈ ದಾರಿಯಲ್ಲಿ ಬರುತ್ತದೆ. ಆದರೆ 58 ನಿಮಿಷದ ಡಿಸ್ಕಿಗೆ 58 ನಿಮಿಷ ಕಾಯಬೇಕು, ಟ್ರ್ಯಾಕುಗಳನ್ನು ಕೈಯಿಂದ ಕತ್ತರಿಸಬೇಕು. ಮೊದಲ ಸಲ ತಂಬೂರಿಯ ಕೆಳಗೊಂದು ಗುಂಯ್ ಶಬ್ದ ಸೇರಿಕೊಂಡಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ಮೇಲೆ ಹೋಯಿತು. ಪಿಟೀಲು ಸಿಡಿಯಲ್ಲಿ ಉಳಿದಿದ್ದ ಆ ಒಂದು ಟಿಕ್ ಇಲ್ಲಿ ಕಡಿಮೆ ಕೇಳಿಸಿತು. ಓದಲಾಗದ ಜಾಗವನ್ನು ಪ್ಲೇಯರ್ ಅಕ್ಕಪಕ್ಕದ ದನಿಯಿಂದ ಅಂದಾಜು ಮಾಡಿ ತುಂಬುತ್ತದಲ್ಲ, ಅದಕ್ಕೆ. ಆ ಟ್ರ್ಯಾಕಿಗೆ ಮಾತ್ರ ಈ ಪ್ರತಿಯನ್ನೂ ಉಳಿಸಿಕೊಂಡೆ.

ಹಾಗಾಗಿ ನನ್ನ ಮೊದಲ ಆಯ್ಕೆ ಎರಡನೇ ದಾರಿ. ಬೀಗದ ಡಿಸ್ಕಿಗೆ ಲಿನಕ್ಸ್ ಮತ್ತು ಹಳೇ ಡ್ರೈವ್. ಏನೂ ನಡೆಯದಿದ್ದರೆ ವೈರ್. ಉಳಿಸುವುದು ಫ್ಲ್ಯಾಕ್ ರೂಪದಲ್ಲಿ, ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ. ಫ್ಲ್ಯಾಕ್ ಕಡತಕ್ಕೆ ಸಂಗೀತ ಒಂದಿಷ್ಟೂ ಕಳೆಯದೆ ಜಾಗ ಹೆಚ್ಚು ಕಡಿಮೆ ಅರ್ಧ ಸಾಕು. ಮತ್ತೆ ಸಿಡಿ ಬರೆಯುವುದಾದರೆ ಡಿಸ್ಕ್-ಅಟ್-ಒನ್ಸ್ (ಇಡೀ ಡಿಸ್ಕನ್ನು ಒಂದೇ ಓಟದಲ್ಲಿ ಬರೆಯುವ) ಆಯ್ಕೆಯನ್ನೇ ಒತ್ತಿ. ಒಂದೊಂದೇ ಟ್ರ್ಯಾಕ್ ಬರೆಯುವ ಟ್ರ್ಯಾಕ್-ಅಟ್-ಒನ್ಸ್‌ನಲ್ಲಿ ಆಲಾಪನೆ ಮುಗಿದು ಕೃತಿ ಎತ್ತಿಕೊಳ್ಳುವ ಕಡೆ 2 ಸೆಕೆಂಡ್ ಮೌನ ಬಂದು ಕೂರುತ್ತದೆ. ಕಛೇರಿ ಕೇಳುವವರಿಗೆ ಅದು ತಡೆಯಲಾಗದು.

ಕಾನೂನಿನ ಮಾತೂ ಬೇಕು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ನ್ಯಾಯಯುತವಾಗಿ ಬಳಸಲು ಅವಕಾಶ ಕೊಡುತ್ತದೆ. 2012ರಲ್ಲಿ ಸೇರಿಸಿದ 65ಎ ಸೆಕ್ಷನ್, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಎನ್ನುತ್ತದೆ. ಉದ್ದೇಶ ಎಂಬ ಆ ಮಾತು ಮುಖ್ಯ. ನಾನು ಮಾಡಿದ ಪ್ರತಿಗಳು ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಗೆಳೆಯನ ಡಿಸ್ಕನ್ನೂ ಅದರ ಪ್ರತಿಯನ್ನೂ ಅವನಿಗೇ ಕೊಟ್ಟು, ನನ್ನಲ್ಲಿದ್ದದ್ದನ್ನು ಅಳಿಸಿದೆ.

ಈಗ ದಿನಕ್ಕೆ ಎರಡು ಸಿಡಿ ಮುಗಿಸುತ್ತಿದ್ದೇನೆ. ಕಾಪಿ ಕಂಟ್ರೋಲ್ ಗುರುತಿನವು ಇನ್ನೂ ನಾಲ್ಕು ಸಿಕ್ಕಿವೆ. ಅವನ್ನು ಸಾಲಿನ ಮುಂದಕ್ಕೆ ತಂದಿಟ್ಟಿದ್ದೇನೆ.